ವಾಣಿಜ್ಯ ವಾಹನ ಚಾಲನಾ ಅನುಜ್ಞಾಪತ್ರ: ಪಡೆಯುವ ಕ್ರಮ, ನವೀಕರಣ ಮತ್ತು ಗ್ರಾಮ ಪಂಚಾಯತಿಯ ಹೊಣೆ

(ಗ್ರಾಮ ಪಂಚಾಯತಿಗಳ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರಿಗಾಗಿ ಜಿಲ್ಲಾ ಪಂಚಾಯತ್ ಸಭಾಂಗಣದಲ್ಲಿ ನೀಡಿದ ಉಪನ್ಯಾಸದ ಪಠ್ಯ. ಎಲ್ಲ ಸದಸ್ಯರ ಅವಗಾಹನೆಗಾಗಿ ಪ್ರಕಟಿಸಲಾಗಿದೆ.)



ಕುಡಿಯುವ ನೀರು, ರಸ್ತೆ, ಬೀದಿ ದೀಪ, ಉದ್ಯೋಗ ಖಾತರಿ ಮೊದಲಾದ ವಿಷಯಗಳನ್ನು ಚರ್ಚಿಸಲು ಸೇರುವ ಈ ಸಭಾಂಗಣದಲ್ಲಿ ಚಾಲನಾ ಅನುಜ್ಞಾಪತ್ರದ ಕುರಿತು ಒಂದು ಉಪನ್ಯಾಸವೇಕೆ ಎಂಬ ಪ್ರಶ್ನೆ ತಮ್ಮಲ್ಲಿ ಕೆಲವರಿಗೆ ಮೂಡಿರಬಹುದು. ಅದು ಸಾರಿಗೆ ಇಲಾಖೆಗೂ ಚಾಲಕನಿಗೂ ಸಂಬಂಧಿಸಿದ ವಿಷಯ, ಪಂಚಾಯತಿಗೆ ಅದರಲ್ಲಿ ಪಾತ್ರವಿಲ್ಲ ಎಂದು ಭಾವಿಸುವುದು ಸಹಜ. ಆದರೆ ಕಳೆದ ಕೆಲವು ವರ್ಷಗಳಲ್ಲಿ ಪರಿಸ್ಥಿತಿ ಬದಲಾಗಿದೆ. ಸ್ವಚ್ಛ ಭಾರತ ಮಿಷನ್ (ಗ್ರಾಮೀಣ) ಯೋಜನೆಯಡಿ ಗ್ರಾಮ ಪಂಚಾಯತಿಗಳು ಕಸ ಸಾಗಿಸುವ ಸ್ವಚ್ಛ ವಾಹಿನಿ ವಾಹನಗಳನ್ನು ಹೊಂದಿವೆ. ಬೇಸಿಗೆಯಲ್ಲಿ ಹಲವೆಡೆ ಟ್ರ್ಯಾಕ್ಟರ್ ಟ್ಯಾಂಕರ್‌ಗಳ ಮೂಲಕ ನೀರು ಪೂರೈಸಲಾಗುತ್ತದೆ. ಸಂಜೀವಿನಿ ಒಕ್ಕೂಟಗಳ ಮಹಿಳೆಯರು ಚಾಲನೆ ಕಲಿತು ಸ್ವಚ್ಛ ವಾಹಿನಿಯ ಚುಕ್ಕಾಣಿ ಹಿಡಿದಿದ್ದಾರೆ. ಗ್ರಾಮ ಪಂಚಾಯತಿಯು ಇಂದು ವಾಹನದ ಮಾಲೀಕ ಸಂಸ್ಥೆಯಾಗಿದೆ.

ಅನುಜ್ಞಾಪತ್ರ ಇರುವುದು ಚಾಲಕರ ಬಳಿ. ಅದರ ಮೇಲಿನ ದಿನಾಂಕ ಮೀರಿದರೆ ಉತ್ತರ ಹೇಳಬೇಕಾದವರಲ್ಲಿ ಮಾಲೀಕರೂ ಒಬ್ಬರು. ಇದೊಂದು ಮಾತನ್ನು ತಾವು ಮನಸ್ಸಿನಲ್ಲಿ ಇಟ್ಟುಕೊಂಡರೆ ಈ ಉಪನ್ಯಾಸದ ಉದ್ದೇಶ ಈಡೇರಿದಂತೆ. ಉಳಿದುದೆಲ್ಲ ಇದರ ವಿವರಣೆ.

1. ಸಾರಿಗೆ ವಾಹನ ಎಂದರೆ ಯಾವುದು?

ಜನರು ಸಾಮಾನ್ಯವಾಗಿ ಹಳದಿ ಫಲಕದ ವಾಹನ ಎಂದು ಕರೆಯುವುದನ್ನು ಮೋಟಾರು ವಾಹನಗಳ ಅಧಿನಿಯಮ, 1988 ಸಾರಿಗೆ ವಾಹನ ಎಂದು ಕರೆಯುತ್ತದೆ. ಪ್ರಯಾಣಿಕರನ್ನು ಬಾಡಿಗೆಗೆ ಕರೆದೊಯ್ಯುವ ವಾಹನ, ಸರಕು ಸಾಗಣೆ ವಾಹನ, ಶಿಕ್ಷಣ ಸಂಸ್ಥೆಯ ಬಸ್ಸು ಹಾಗೂ ಸಂಸ್ಥೆಗಳು ತಮ್ಮವರನ್ನು ಕರೆದೊಯ್ಯಲು ಬಳಸುವ ಖಾಸಗಿ ಸೇವಾ ವಾಹನ ಇವೆಲ್ಲವೂ ಈ ಪದದ ವ್ಯಾಪ್ತಿಗೆ ಬರುತ್ತವೆ. ಸರಕು ಸಾಗಣೆ ವಾಹನವೆಂದರೆ ಸರಕನ್ನು ಸಾಗಿಸುವುದಕ್ಕಾಗಿಯೇ ನಿರ್ಮಿಸಿದ ವಾಹನ. ಅದಕ್ಕೆ ಬಾಡಿಗೆ ಪಡೆಯುತ್ತೇವೆಯೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ. ಆದುದರಿಂದ, ನಮ್ಮದು ಕಸದ ಗಾಡಿ, ನಾವು ಯಾರಿಂದಲೂ ಬಾಡಿಗೆ ಪಡೆಯುವುದಿಲ್ಲ, ವಾಣಿಜ್ಯ ವಾಹನದ ನಿಯಮ ನಮಗೆ ಅನ್ವಯಿಸದು ಎಂಬ ವಾದಕ್ಕೆ ಆಧಾರವಿಲ್ಲ.

ಅಧಿನಿಯಮದ ಕಲಂ 3ರ ಪ್ರಕಾರ ಜಾರಿಯಲ್ಲಿರುವ ಅನುಜ್ಞಾಪತ್ರವಿಲ್ಲದೆ ಯಾರೂ ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನವನ್ನು ಚಲಾಯಿಸುವಂತಿಲ್ಲ. ಸಾರಿಗೆ ವಾಹನವನ್ನು ಚಲಾಯಿಸಲು ಆ ಅನುಜ್ಞಾಪತ್ರವು ಅದಕ್ಕೆ ಅಧಿಕಾರ ನೀಡಿರಬೇಕು. "ಜಾರಿಯಲ್ಲಿರುವ" ಎಂಬ ಪದವನ್ನು ದಯವಿಟ್ಟು ಗಮನಿಸಿ. ಹಿಂದೆ ಒಮ್ಮೆ ಪಡೆದಿದ್ದೆ ಎಂದರೆ ಸಾಲದು. ವಾಹನ ಚಲಾಯಿಸುವ ದಿನ ಅದು ಜೀವಂತವಾಗಿರಬೇಕು.

2. ಅನುಜ್ಞಾಪತ್ರ ಪಡೆಯುವ ಹಂತಗಳು

ತಮ್ಮ ಗ್ರಾಮದ ಯುವಕ ಯುವತಿಯರು ತಮ್ಮನ್ನು ಕೇಳುವ ಮೊದಲ ಪ್ರಶ್ನೆ, "ನಾನು ಲೈಸೆನ್ಸ್ ಹೇಗೆ ಪಡೆಯಲಿ?" ಎಂಬುದು. ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು ವಯಸ್ಸು. ಕಾರು ಮೊದಲಾದ ಲಘು ಮೋಟಾರು ವಾಹನ ಚಲಾಯಿಸಲು 18 ವರ್ಷ ತುಂಬಿರಬೇಕು. ಸಾರಿಗೆ ವಾಹನಕ್ಕೆ ಕಲಂ 4 ನಿಗದಿಪಡಿಸಿರುವ ವಯಸ್ಸು 20 ವರ್ಷ.

ಎರಡನೆಯದು ಅನುಭವ. ಸಾರಿಗೆ ವಾಹನದ ಕಲಿಕಾ ಅನುಜ್ಞಾಪತ್ರ ಪಡೆಯಬೇಕಾದರೆ ಅದಕ್ಕೆ ಮುನ್ನ ಕನಿಷ್ಠ ಒಂದು ವರ್ಷ ಲಘು ಮೋಟಾರು ವಾಹನದ ಅನುಜ್ಞಾಪತ್ರ ಹೊಂದಿರಬೇಕೆಂದು ಕಲಂ 7 ಹೇಳುತ್ತದೆ. ಹೀಗಾಗಿ ಲಾರಿ ಅಥವಾ ಬಸ್ಸಿನ ಚಾಲಕನಾಗಬಯಸುವ ಯುವಕನು ಮೊದಲು ಲಘು ವಾಹನದ ಅನುಜ್ಞಾಪತ್ರವನ್ನೇ ಪಡೆಯಬೇಕು. ಇದನ್ನು ಅರಿಯದೆ ಎಷ್ಟೋ ಜನ 20 ವರ್ಷ ತುಂಬಿದ ಮೇಲೆ ಮೊದಲ ಅರ್ಜಿ ಹಾಕಿ, ಮತ್ತೊಂದು ವರ್ಷ ಕಾಯುತ್ತಾರೆ. 18 ತುಂಬಿದಾಗಲೇ ಲಘು ವಾಹನದ ಅನುಜ್ಞಾಪತ್ರ ಪಡೆದಿದ್ದರೆ ಆ ವರ್ಷ ಉಳಿಯುತ್ತದೆ.

ಮೂರನೆಯದು ವಿದ್ಯಾರ್ಹತೆ. ಸಾರಿಗೆ ವಾಹನದ ಚಾಲಕರು ಎಂಟನೆಯ ತರಗತಿ ತೇರ್ಗಡೆಯಾಗಿರಬೇಕೆಂಬ ನಿಯಮ ಹಿಂದೆ ಇತ್ತು. ಅದನ್ನು 2019ರಲ್ಲಿ ಕೇಂದ್ರ ಸರ್ಕಾರ ತೆಗೆದುಹಾಕಿದೆ. ಶಾಲೆ ಬಿಟ್ಟವರಿಗೆ ಈ ಕೆಲಸ ಸಿಗದು ಎಂಬ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಉಳಿದಿದ್ದರೆ, ಗ್ರಾಮಸಭೆಯಲ್ಲಿ ತಾವು ಈ ಬದಲಾವಣೆಯನ್ನು ತಿಳಿಸಬೇಕು. ಕೆಲಸ ಕೊಡಿಸುವ ನೆಪದಲ್ಲಿ ಎಂಟನೆಯ ತರಗತಿಯ ಸುಳ್ಳು ಪ್ರಮಾಣಪತ್ರ ಮಾರುವವರಿಗೆ ಇದರಿಂದ ಅವಕಾಶ ತಪ್ಪುತ್ತದೆ.

ನಾಲ್ಕನೆಯದು ವೈದ್ಯಕೀಯ ಪ್ರಮಾಣಪತ್ರ. ಸಾರಿಗೆ ವಾಹನದ ಅರ್ಜಿಯೊಂದಿಗೆ ನಮೂನೆ 1ಎಯಲ್ಲಿ ನೋಂದಾಯಿತ ವೈದ್ಯರು ನೀಡಿದ ಪ್ರಮಾಣಪತ್ರ ಇರಬೇಕು. ದೃಷ್ಟಿ ಸಾಮರ್ಥ್ಯವೂ ಅದರಲ್ಲಿ ದಾಖಲಾಗುತ್ತದೆ.

ಐದನೆಯದು ಕಲಿಕೆ ಮತ್ತು ಪರೀಕ್ಷೆ. ಕಲಿಕಾ ಅನುಜ್ಞಾಪತ್ರಕ್ಕೆ ಆರು ತಿಂಗಳ ಅವಧಿ ಇರುತ್ತದೆ. ಅದನ್ನು ಪಡೆದ 30 ದಿನಗಳ ನಂತರವೇ ಚಾಲನಾ ಪರೀಕ್ಷೆಗೆ ಹಾಜರಾಗಬಹುದು. ಸಾರಿಗೆ ವಾಹನದ ಅಭ್ಯರ್ಥಿಗಳು ಚಾಲನಾ ತರಬೇತಿ ಶಾಲೆಯಿಂದ ನಮೂನೆ 5ರಲ್ಲಿ ಪ್ರಮಾಣಪತ್ರ ಪಡೆದಿರಬೇಕು. ಪರೀಕ್ಷೆಯಲ್ಲಿ ಅನುತ್ತೀರ್ಣರಾದವರು ಏಳು ದಿನಗಳ ನಂತರ ಮತ್ತೆ ಹಾಜರಾಗಬಹುದು. ಮೂರು ಬಾರಿ ಅನುತ್ತೀರ್ಣರಾದರೆ 60 ದಿನ ಕಾಯಬೇಕು. 2021ರಲ್ಲಿ ಜಾರಿಗೆ ಬಂದ ನಿಯಮಗಳಂತೆ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳಲ್ಲಿ ಕಲಿತು ಅಲ್ಲಿಯ ಪರೀಕ್ಷೆಯಲ್ಲಿ ಉತ್ತೀರ್ಣರಾದವರಿಗೆ ಸಾರಿಗೆ ಕಚೇರಿಯ ಚಾಲನಾ ಪರೀಕ್ಷೆಯಿಂದ ವಿನಾಯಿತಿ ಇದೆ. ಅಂತಹ ಕೇಂದ್ರಗಳಲ್ಲಿ ಲಘು ವಾಹನಕ್ಕೆ ನಾಲ್ಕು ವಾರಗಳೊಳಗೆ 29 ಗಂಟೆ, ಮಧ್ಯಮ ಮತ್ತು ಭಾರಿ ವಾಹನಕ್ಕೆ ಆರು ವಾರಗಳಲ್ಲಿ 38 ಗಂಟೆ ತರಬೇತಿ ನಿಗದಿಯಾಗಿದೆ. ಸಾಮಾನ್ಯ ಚಾಲನಾ ಶಾಲೆಗೂ ಮಾನ್ಯತೆ ಪಡೆದ ಕೇಂದ್ರಕ್ಕೂ ಇರುವ ಈ ವ್ಯತ್ಯಾಸವನ್ನು ಹಣ ಕಟ್ಟುವ ಮೊದಲೇ ವಿಚಾರಿಸಿ ತಿಳಿಯಬೇಕು.

ಆರನೆಯದು ಶುಲ್ಕ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 32ನೇ ನಿಯಮದಲ್ಲಿ ಶುಲ್ಕಗಳ ಪಟ್ಟಿ ಇದೆ. ಪ್ರತಿ ವರ್ಗದ ಕಲಿಕಾ ಅನುಜ್ಞಾಪತ್ರಕ್ಕೆ ರೂ. 150, ಅದರ ಪರೀಕ್ಷೆಗೆ ರೂ. 50, ಚಾಲನಾ ಪರೀಕ್ಷೆಗೆ ಪ್ರತಿ ವರ್ಗಕ್ಕೆ ರೂ. 300, ಅನುಜ್ಞಾಪತ್ರ ನೀಡಿಕೆಗೆ ರೂ. 200, ಈಗಾಗಲೇ ಇರುವ ಅನುಜ್ಞಾಪತ್ರಕ್ಕೆ ಮತ್ತೊಂದು ವರ್ಗ ಸೇರಿಸಲು ರೂ. 500. ಇದರ ಮೇಲೆ ರಾಜ್ಯದ ಸೇವಾ ಶುಲ್ಕ ಪ್ರತ್ಯೇಕ. ಪಾವತಿಸಿದ ಪ್ರತಿಯೊಂದು ಮೊತ್ತಕ್ಕೂ ರಸೀದಿ ಇರುತ್ತದೆ. ರಸೀದಿಯಲ್ಲಿ ಕಾಣದ ಹಣ ಸರ್ಕಾರಕ್ಕೆ ಸಂದಾಯವಾದ ಹಣವಲ್ಲ ಎಂಬುದನ್ನು ಗ್ರಾಮಸ್ಥರಿಗೆ ತಿಳಿಹೇಳಬೇಕು. ಮಧ್ಯವರ್ತಿಗೆ ಸಾವಿರಾರು ರೂಪಾಯಿ ಕೊಟ್ಟು ಪಡೆದ ಅನುಜ್ಞಾಪತ್ರ ನಕಲಿಯೆಂದು ತಿಳಿದುಬಂದರೆ ನಷ್ಟವಾಗುವುದು ಆ ಬಡ ಚಾಲಕನಿಗೇ.

ಅರ್ಜಿಗಳನ್ನು ಸಾರಥಿ ಜಾಲತಾಣದ ಮೂಲಕ ಸಲ್ಲಿಸಬೇಕು. ಮೊಬೈಲ್ ಅಥವಾ ಗಣಕಯಂತ್ರದ ಬಳಕೆ ತಿಳಿಯದವರು ಗ್ರಾಮ ಒನ್ ಕೇಂದ್ರದ ನೆರವು ಕೇಳಬಹುದು. 2019ರ ತಿದ್ದುಪಡಿಯ ನಂತರ ರಾಜ್ಯದ ಯಾವುದೇ ಅನುಜ್ಞಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಲು ಅವಕಾಶವಿದೆ. ಮದುವೆಯಾಗಿ ಬೇರೆ ತಾಲ್ಲೂಕಿಗೆ ಬಂದ ಹೆಣ್ಣುಮಕ್ಕಳು ತವರಿನ ಕಡೆಯ ಸಾರಿಗೆ ಕಚೇರಿಗೇ ಹೋಗಬೇಕಾಗಿಲ್ಲ.

3. 2024ರ ತೀರ್ಪು ಹೇಳಿದ್ದೇನು, ಹೇಳದಿರುವುದೇನು

ಈ ವಿಷಯದಲ್ಲಿ ಬಹುಕಾಲ ಒಂದು ಗೊಂದಲವಿತ್ತು. ಲಘು ಮೋಟಾರು ವಾಹನದ ಅನುಜ್ಞಾಪತ್ರ ಮಾತ್ರ ಇರುವವರು ಸಣ್ಣ ಸರಕು ವಾಹನವನ್ನು ಚಲಾಯಿಸಬಹುದೇ, ಅಥವಾ ಪ್ರತ್ಯೇಕವಾಗಿ ಸಾರಿಗೆ ವಾಹನದ ನಮೂದು ಬೇಕೇ ಎಂಬುದು ಆ ಪ್ರಶ್ನೆ. ಪ್ರತ್ಯೇಕ ನಮೂದು ಬೇಕಿಲ್ಲವೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತ್ತು. ವಿಮಾ ಕಂಪನಿಗಳು ಅದನ್ನು ಪ್ರಶ್ನಿಸಿದವು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಆ ನಿಲುವನ್ನೇ ಎತ್ತಿಹಿಡಿಯಿತು.

ಆ ತೀರ್ಪಿನ ಸಾರ ಹೀಗಿದೆ. ವಾಹನದ ತೂಕ ಮತ್ತು ಅದು ಹೊರಬಹುದಾದ ಭಾರ ಸೇರಿ ಒಟ್ಟು ತೂಕ 7,500 ಕಿಲೋಗ್ರಾಂ ಮೀರದಿದ್ದರೆ, ಲಘು ಮೋಟಾರು ವಾಹನದ ಅನುಜ್ಞಾಪತ್ರ ಹೊಂದಿದವರು ಆ ಸಾರಿಗೆ ವಾಹನವನ್ನು ಪ್ರತ್ಯೇಕ ನಮೂದಿಲ್ಲದೆ ಚಲಾಯಿಸಬಹುದು. ಸಾರಿಗೆ ವಾಹನಗಳಿಗೆ ಹೇಳಿರುವ ಹೆಚ್ಚುವರಿ ಅರ್ಹತೆಗಳು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚಿನ ತೂಕದ ಮಧ್ಯಮ ಹಾಗೂ ಭಾರಿ ವಾಹನಗಳಿಗೆ ಅನ್ವಯಿಸುತ್ತವೆ. ಆದರೆ ಇ-ರಿಕ್ಷಾ, ಇ-ಕಾರ್ಟ್ ಮತ್ತು ಅಪಾಯಕಾರಿ ವಸ್ತುಗಳನ್ನು ಸಾಗಿಸುವ ವಾಹನಗಳ ವಿಶೇಷ ಅರ್ಹತೆಗಳು ಮುಂದುವರಿಯುತ್ತವೆ.

ನಮ್ಮ ಬಹುತೇಕ ಸ್ವಚ್ಛ ವಾಹಿನಿಗಳು ಚಿಕ್ಕ ಆಟೋ ಟಿಪ್ಪರ್‌ಗಳು. ಅವುಗಳ ಒಟ್ಟು ತೂಕ ಈ ಮಿತಿಗಿಂತ ಬಹಳ ಕಡಿಮೆ. ಆದರೂ ಊಹೆಯ ಮೇಲೆ ಹೋಗದೆ, ನೋಂದಣಿ ಪತ್ರದಲ್ಲಿ ಬರೆದಿರುವ ಒಟ್ಟು ತೂಕವನ್ನು ಓದಿ ಖಚಿತಪಡಿಸಿಕೊಳ್ಳಬೇಕು. ಬ್ಯಾಟರಿಯಿಂದ ಓಡುವ ಮೂರು ಚಕ್ರದ ವಾಹನ ಪಂಚಾಯತಿಯಲ್ಲಿದ್ದರೆ ಅದು ಇ-ಕಾರ್ಟ್ ವರ್ಗಕ್ಕೆ ಸೇರಿದೆಯೇ ಎಂಬುದನ್ನು ನೋಂದಣಿ ಪತ್ರದಲ್ಲಿ ನೋಡಬೇಕು. ಸೇರಿದ್ದರೆ ಚಾಲಕರು ಕನಿಷ್ಠ ಹತ್ತು ದಿನಗಳ ತರಬೇತಿ ಪಡೆದು, ಆ ವರ್ಗಕ್ಕೆ ಅನುಜ್ಞಾಪತ್ರ ಹೊಂದಿರಬೇಕು.

ಟ್ರ್ಯಾಕ್ಟರ್ ವಿಷಯವನ್ನೂ ಇಲ್ಲಿಯೇ ಹೇಳಬೇಕು. 7,500 ಕಿಲೋಗ್ರಾಂ ಮೀರದ ಖಾಲಿ ತೂಕದ ಟ್ರ್ಯಾಕ್ಟರ್ ಕೂಡ ಲಘು ಮೋಟಾರು ವಾಹನವೇ. ಟ್ರ್ಯಾಕ್ಟರ್ ಚಲಾಯಿಸಲು ಸಿಂಧುವಾದ ಅನುಜ್ಞಾಪತ್ರ ಇರುವಾಗ ಅದಕ್ಕೆ ಟ್ರೈಲರ್ ಜೋಡಿಸಿದ ಮಾತ್ರಕ್ಕೆ ಆ ಅನುಜ್ಞಾಪತ್ರ ನಿಷ್ಫಲವಾಗದೆಂದು ಸರ್ವೋಚ್ಚ ನ್ಯಾಯಾಲಯ 2001ರಲ್ಲಿಯೇ ಹೇಳಿದೆ. ಆದರೆ ಟ್ರ್ಯಾಕ್ಟರ್ ಓಡಿಸಲು ಅನುಜ್ಞಾಪತ್ರವೇ ಬೇಡವೆಂಬ ಹಳ್ಳಿಯ ವಾಡಿಕೆಗೆ ಕಾನೂನಿನಲ್ಲಿ ಸ್ಥಾನವಿಲ್ಲ. ಹೊಲದ ಕೆಲಸಕ್ಕೆ ಹೊರಟ ಟ್ರ್ಯಾಕ್ಟರ್ ಕೂಡ ರಸ್ತೆಗೆ ಇಳಿದೊಡನೆ ಸಾರ್ವಜನಿಕ ಸ್ಥಳದಲ್ಲಿರುವ ಮೋಟಾರು ವಾಹನವೇ ಆಗುತ್ತದೆ.

2024ರ ತೀರ್ಪು ಏನನ್ನು ಹೇಳಿಲ್ಲ ಎಂಬುದೂ ಅಷ್ಟೇ ಮುಖ್ಯ. ಅವಧಿ ಮುಗಿದ ಅನುಜ್ಞಾಪತ್ರದ ಮೇಲೆ ವಾಹನ ಚಲಾಯಿಸಬಹುದೆಂದು ಅದು ಹೇಳಿಲ್ಲ. ದ್ವಿಚಕ್ರ ವಾಹನದ ಅನುಜ್ಞಾಪತ್ರದ ಮೇಲೆ ಟಿಪ್ಪರ್ ಚಲಾಯಿಸಬಹುದೆಂದೂ ಹೇಳಿಲ್ಲ. ವರ್ಗದ ಪ್ರಶ್ನೆ ಸರಳವಾಗಿದೆ. ದಿನಾಂಕದ ಪ್ರಶ್ನೆ ಹಾಗೆಯೇ ಉಳಿದಿದೆ.

4. ನವೀಕರಣ: ಒಂದೇ ಪತ್ರ, ಎರಡು ದಿನಾಂಕ

ಸಾರಿಗೆ ವಾಹನದ ನಮೂದು ಇರುವ ಅನುಜ್ಞಾಪತ್ರವನ್ನು ಕೈಗೆತ್ತಿಕೊಂಡರೆ ಅದರಲ್ಲಿ ಸಾರಿಗೇತರ ವಾಹನಗಳಿಗೆ ಒಂದು, ಸಾರಿಗೆ ವಾಹನಗಳಿಗೆ ಇನ್ನೊಂದು, ಹೀಗೆ ಎರಡು ಅವಧಿಗಳು ಮುದ್ರಿತವಾಗಿರುತ್ತವೆ. ಬಹಳಷ್ಟು ಜನ ಎಡವುವುದು ಇಲ್ಲಿಯೇ. ಸಾರಿಗೇತರ ಅವಧಿಯು ವಯಸ್ಸಿಗೆ ಅನುಗುಣವಾಗಿ ದೀರ್ಘವಾಗಿರುತ್ತದೆ: 30 ವರ್ಷಕ್ಕಿಂತ ಕಡಿಮೆ ವಯಸ್ಸಿನವರಿಗೆ 40 ವರ್ಷ ತುಂಬುವವರೆಗೆ, 30ರಿಂದ 50ರೊಳಗಿನವರಿಗೆ ಹತ್ತು ವರ್ಷ. ಸಾರಿಗೆ ವಾಹನದ ಅವಧಿಯಾದರೋ ಐದು ವರ್ಷ ಮಾತ್ರ. 2019ರ ತಿದ್ದುಪಡಿಗೆ ಮುನ್ನ ಅದು ಮೂರು ವರ್ಷವಿತ್ತು. ಚಾಲಕರು ದೂರದ ದಿನಾಂಕವನ್ನು ನೋಡಿ ನಿಶ್ಚಿಂತರಾಗುತ್ತಾರೆ. ಹತ್ತಿರದ ದಿನಾಂಕ ಸದ್ದಿಲ್ಲದೆ ದಾಟಿ ಹೋಗುತ್ತದೆ. ಲಾರಿ, ಬಸ್ಸು, ಶಾಲಾ ಬಸ್ಸು ಮುಂತಾದ ಭಾರದ ವಾಹನಗಳನ್ನು ನಡೆಸುವವರಿಗೆ ಸಾರಿಗೆ ವಾಹನದ ಅವಧಿಯೇ ನಿರ್ಣಾಯಕ.

ನವೀಕರಣದ ನಿಯಮಗಳನ್ನು ಕಲಂ 14 ಮತ್ತು 15ರಲ್ಲಿ ಕಾಣಬಹುದು. ಅವುಗಳಲ್ಲಿ ನಾಲ್ಕು ಅಂಶಗಳನ್ನು ತಾವು ನೆನಪಿಡಬೇಕು.

ಒಂದು, ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದಲೇ ನವೀಕರಣಕ್ಕೆ ಅರ್ಜಿ ಸಲ್ಲಿಸಬಹುದು. ಹೊಸ ಅವಧಿಯು ನವೀಕರಣಗೊಂಡ ದಿನದಿಂದ ಎಣಿಕೆಯಾಗುವುದರಿಂದ, ಎರಡು ಮೂರು ತಿಂಗಳು ಮುಂಚಿತವಾಗಿ ಅರ್ಜಿ ಸಲ್ಲಿಸುವುದು ಅನುಕೂಲಕರ.

ಎರಡು, ಅವಧಿ ಮುಗಿದ ನಂತರ 30 ದಿನಗಳವರೆಗೆ ಅನುಜ್ಞಾಪತ್ರ ಜಾರಿಯಲ್ಲಿರುತ್ತದೆ ಎಂಬ ಹಳೆಯ ಅವಕಾಶ 2019ರ ತಿದ್ದುಪಡಿಯಿಂದ ರದ್ದಾಗಿದೆ. ಇದು ಅನುಭವಿ ಚಾಲಕರಿಗೂ ತಿಳಿಯದ ಸಂಗತಿ. ಹಿಂದಿನ ನಿಯಮವನ್ನು ನೆನಪಿಟ್ಟುಕೊಂಡು "ಇನ್ನೂ ಒಂದು ತಿಂಗಳು ಇದೆ" ಎನ್ನುವವರಿಗೆ ಆ ತಿಂಗಳು ಈಗ ಇಲ್ಲ.

ಮೂರು, ಅವಧಿ ಮುಗಿದು ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಿದರೆ ಮತ್ತೆ ಚಾಲನಾ ಪರೀಕ್ಷೆ ನೀಡಬೇಕಾಗಿಲ್ಲ. ಒಂದು ವರ್ಷ ಮೀರಿದರೆ ಪರೀಕ್ಷೆಯಲ್ಲಿ ಮತ್ತೆ ಉತ್ತೀರ್ಣರಾಗಬೇಕು. ಆದರೆ ಈ ಒಂದು ವರ್ಷವು ಅರ್ಜಿ ಸಲ್ಲಿಸಲು ಇರುವ ಕಾಲಾವಕಾಶವೇ ಹೊರತು ವಾಹನ ಚಲಾಯಿಸಲು ನೀಡಿದ ಅನುಮತಿಯಲ್ಲ. ಅವಧಿ ಮುಗಿದ ದಿನಕ್ಕೂ ನವೀಕರಣದ ದಿನಕ್ಕೂ ನಡುವೆ ಇರುವ ಅಷ್ಟೂ ದಿನ ಚಾಲಕನು ಅನುಜ್ಞಾಪತ್ರವಿಲ್ಲದವನೇ.

ನಾಲ್ಕು, ಸಾರಿಗೆ ವಾಹನದ ನವೀಕರಣಕ್ಕೆ ಪ್ರತಿ ಬಾರಿಯೂ ನಮೂನೆ 1ಎಯಲ್ಲಿ ವೈದ್ಯಕೀಯ ಪ್ರಮಾಣಪತ್ರ ಬೇಕು. 40 ವರ್ಷ ದಾಟಿದವರಿಗೆ ಸಾರಿಗೇತರ ಅನುಜ್ಞಾಪತ್ರದ ನವೀಕರಣಕ್ಕೂ ಅದು ಬೇಕು. ನವೀಕರಣದ ಶುಲ್ಕ ರೂ. 200. ವಿಳಂಬವಾದರೆ ಪ್ರತಿ ವರ್ಷಕ್ಕೆ ಅಥವಾ ಅದರ ಭಾಗಕ್ಕೆ ರೂ. 1,000ದಂತೆ ಹೆಚ್ಚುವರಿ ಶುಲ್ಕ ತೆರಬೇಕಾಗುತ್ತದೆ.

ಪೆಟ್ರೋಲ್, ಡೀಸೆಲ್, ಅಡುಗೆ ಅನಿಲ ಮುಂತಾದ ಅಪಾಯಕಾರಿ ವಸ್ತುಗಳನ್ನು ಸಾಗಿಸುವ ವಾಹನಗಳ ಚಾಲಕರಿಗೆ ನಿಯಮ ಇನ್ನಷ್ಟು ಬಿಗಿಯಾಗಿದೆ. ಅವರು ಮೂರು ದಿನಗಳ ವಿಶೇಷ ತರಬೇತಿ ಪಡೆದಿರಬೇಕು. ಅವರ ಅನುಜ್ಞಾಪತ್ರದ ಅವಧಿ ಮೂರು ವರ್ಷ. ನವೀಕರಣಕ್ಕೆ ಮುನ್ನ ಒಂದು ದಿನದ ಪುನರ್ಮನನ ತರಬೇತಿ ಪಡೆಯಬೇಕು. ತಮ್ಮ ವ್ಯಾಪ್ತಿಯಲ್ಲಿ ಇಂತಹ ಚಾಲಕರಿದ್ದರೆ ಅವರಿಗೆ ಈ ವಿಷಯ ತಲುಪಿಸಿ.

ಅನುಜ್ಞಾಪತ್ರದ ಮೂಲ ಪ್ರತಿಯನ್ನೇ ಹೊತ್ತು ತಿರುಗಬೇಕೆಂದಿಲ್ಲ. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಮೂಲಕ ವಿದ್ಯುನ್ಮಾನ ರೂಪದಲ್ಲಿ ತೋರಿಸಿದರೂ ಅದು ಮಾನ್ಯ. ಅವಧಿಯನ್ನು ಪರಿಶೀಲಿಸಲು ಪಂಚಾಯತಿಗೂ ಇದು ಸುಲಭ ಮಾರ್ಗ.

5. ಮಾಲೀಕರ ಹೊಣೆ

ಈಗ ಪಂಚಾಯತಿಗೆ ನೇರವಾಗಿ ತಾಗುವ ಭಾಗಕ್ಕೆ ಬರುತ್ತೇನೆ. ಅಧಿನಿಯಮದ ಕಲಂ 5 ಮಾಲೀಕರನ್ನು ಕುರಿತದ್ದು. ಅನುಜ್ಞಾಪತ್ರದ ಷರತ್ತುಗಳನ್ನು ಪೂರೈಸದ ವ್ಯಕ್ತಿಗೆ ವಾಹನ ಚಲಾಯಿಸಲು ಮಾಲೀಕರಾಗಲಿ, ವಾಹನದ ಉಸ್ತುವಾರಿ ಹೊತ್ತವರಾಗಲಿ ಅವಕಾಶ ನೀಡುವಂತಿಲ್ಲ. ನೀಡಿದರೆ ಕಲಂ 180ರಡಿ ಮೂರು ತಿಂಗಳವರೆಗೆ ಕಾರಾವಾಸ ಅಥವಾ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಲು ಅಧಿನಿಯಮದಲ್ಲಿ ಅವಕಾಶವಿದೆ. ಚಾಲಕನ ಮೇಲೆ ಕಲಂ 181ರಡಿ ಪ್ರತ್ಯೇಕ ಕ್ರಮ ಜರುಗುತ್ತದೆ.

ದಂಡಕ್ಕಿಂತ ದೊಡ್ಡ ಅಪಾಯ ವಿಮೆಯದು. ವಾಹನಕ್ಕೆ ವಿಮೆ ಇದೆ, ಅಪಘಾತವಾದರೆ ವಿಮಾ ಕಂಪನಿ ನೋಡಿಕೊಳ್ಳುತ್ತದೆ ಎಂಬ ಧೈರ್ಯ ಎಲ್ಲ ಸಂದರ್ಭದಲ್ಲೂ ನಿಲ್ಲುವುದಿಲ್ಲ. ಚಾಲಕರಿಗೆ ಸಿಂಧುವಾದ ಅನುಜ್ಞಾಪತ್ರವಿರಲಿಲ್ಲ ಎಂಬುದು ವಿಮಾ ಕಂಪನಿಯು ಮುಂದಿಡಬಹುದಾದ ಪ್ರತಿವಾದಗಳಲ್ಲಿ ಒಂದು. 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಬಗ್ಗೆ ವಿಸ್ತಾರವಾದ ತೀರ್ಪು ನೀಡಿತು. ಅದರಂತೆ, ಮಾಲೀಕರು ಎಚ್ಚರಿಕೆ ವಹಿಸುವುದರಲ್ಲಿ ತಪ್ಪಿದ್ದಾರೆಂಬುದನ್ನು ವಿಮಾ ಕಂಪನಿ ಸಾಬೀತುಪಡಿಸಬೇಕು. ಸಾಬೀತಾದ ಪ್ರಕರಣಗಳಲ್ಲಿ ಕಂಪನಿಯು ಮೊದಲು ಸಂತ್ರಸ್ತರಿಗೆ ಪರಿಹಾರ ನೀಡಿ, ನಂತರ ಆ ಮೊತ್ತವನ್ನು ಮಾಲೀಕರಿಂದ ವಸೂಲು ಮಾಡುವಂತೆ ನ್ಯಾಯಾಲಯ ಆದೇಶಿಸಬಹುದು. ಮಾಲೀಕರ ಸ್ಥಾನದಲ್ಲಿ ಗ್ರಾಮ ಪಂಚಾಯತಿಯನ್ನು ಇಟ್ಟು ಯೋಚಿಸಿ. ವಸೂಲಾತಿ ಬರುವುದು ಪಂಚಾಯತಿ ನಿಧಿಯ ಮೇಲೆ. ತೆರಿಗೆದಾರರು ಕೊಟ್ಟ ಹಣ ಬೀದಿ ದೀಪಕ್ಕೂ ಚರಂಡಿಗೂ ಹೋಗುವ ಬದಲು ಈ ಬಾಬತ್ತಿಗೆ ಹೋಗುತ್ತದೆ.

2020ರಲ್ಲಿ ಹಿಮಾಚಲ ಪ್ರದೇಶದ ಒಂದು ಪ್ರಕರಣದಲ್ಲಿ ಅದೇ ನ್ಯಾಯಾಲಯ ನೀಡಿದ ತೀರ್ಪು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಅಲ್ಲಿ ಅಪಘಾತದಲ್ಲಿ ಗಾಯಗೊಂಡವನು ಚಾಲಕನೇ. ಅವನು ಕಾರ್ಮಿಕರ ಪರಿಹಾರ ಕಾಯಿದೆಯಡಿ ಪರಿಹಾರ ಕೋರಿದ್ದನು. ಅಪಘಾತದ ಹೊತ್ತಿಗೆ ಅವನ ಅನುಜ್ಞಾಪತ್ರದ ಅವಧಿ ಮುಗಿದು ಸುಮಾರು ಮೂರು ವರ್ಷಗಳಾಗಿದ್ದವು, ನವೀಕರಣವಾಗಿರಲಿಲ್ಲ. ಅನುಜ್ಞಾಪತ್ರದ ಮೇಲೆಯೇ ಅವಧಿ ಬರೆದಿರುವಾಗ, ಸಕಾಲದಲ್ಲಿ ನವೀಕರಣವಾಗಿದೆಯೇ ಎಂದು ನೋಡುವುದು ಮಾಲೀಕರ ಕರ್ತವ್ಯವೆಂದು ನ್ಯಾಯಾಲಯ ಹೇಳಿತು. ಪರಿಹಾರದ ಹೊಣೆ ವಿಮಾ ಕಂಪನಿಯ ಮೇಲಲ್ಲ, ಮಾಲೀಕರ ಮೇಲೆ ಬಿತ್ತು.

ಈ ತೀರ್ಪುಗಳಲ್ಲಿ ಪಂಚಾಯತಿಗೆ ಎಚ್ಚರಿಕೆಯೂ ಇದೆ, ರಕ್ಷಣೆಯೂ ಇದೆ. ಮಾಲೀಕರು ಪತ್ತೇದಾರರಂತೆ ತನಿಖೆ ನಡೆಸಬೇಕೆಂದು ನ್ಯಾಯಾಲಯ ಕೇಳುವುದಿಲ್ಲ. ನೇಮಿಸುವಾಗ ಅನುಜ್ಞಾಪತ್ರ ನೋಡಿದಿರಾ, ಚಾಲನೆಯ ಸಾಮರ್ಥ್ಯವನ್ನು ಪರೀಕ್ಷಿಸಿದಿರಾ, ಅವಧಿಯ ಮೇಲೆ ಕಣ್ಣಿಟ್ಟಿರಾ ಎಂದು ಮಾತ್ರ ಕೇಳುತ್ತದೆ. "ಹೌದು" ಎನ್ನಲು ದಾಖಲೆ ಇದ್ದರೆ ಪಂಚಾಯತಿ ಸುರಕ್ಷಿತ. ದಾಖಲೆ ಇಲ್ಲದಿದ್ದರೆ ಬಾಯಿಮಾತಿಗೆ ಬೆಲೆಯಿಲ್ಲ.

6. ಬದಲಿ ಚಾಲಕರು ಮತ್ತು ಮಹಿಳಾ ಚಾಲಕರು

ಗಂಡಾಂತರವು ಸಾಮಾನ್ಯವಾಗಿ ದಿನನಿತ್ಯದ ಚಾಲಕರಿಂದ ಬರುವುದಿಲ್ಲ. ಒಂದು ದಿನದ ಬದಲಿ ಚಾಲಕನಿಂದ ಬರುತ್ತದೆ. ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ಸ್ವಚ್ಛ ವಾಹಿನಿ ನಡೆಸುವ ಒಕ್ಕೂಟದ ಸದಸ್ಯೆಗೆ ಜ್ವರ. ಕಸ ಎರಡು ದಿನ ಎತ್ತದಿದ್ದರೆ ಊರಿನವರು ದೂರುತ್ತಾರೆ. ಆಕೆಯ ತಮ್ಮ "ಅಕ್ಕಾ, ಇವತ್ತೊಂದಿನ ನಾನೇ ಓಡಿಸ್ತೀನಿ" ಎಂದು ಕೀಲಿಕೈ ತೆಗೆದುಕೊಳ್ಳುತ್ತಾನೆ. ಅವನಲ್ಲಿರುವುದು ದ್ವಿಚಕ್ರ ವಾಹನದ ಅನುಜ್ಞಾಪತ್ರ ಮಾತ್ರ. ಅಂದು ಶಾಲೆಯ ತಿರುವಿನಲ್ಲಿ ಏನಾದರೂ ಸಂಭವಿಸಿದರೆ, ಪೊಲೀಸ್ ಠಾಣೆಯಿಂದ ನ್ಯಾಯಾಧಿಕರಣದವರೆಗೆ ಕೇಳಲಾಗುವ ಪ್ರಶ್ನೆ ಒಂದೇ: ಕೀಲಿಕೈ ಕೊಟ್ಟವರು ಯಾರು? ಆದುದರಿಂದ ಪ್ರತಿ ವಾಹನಕ್ಕೂ ಅನುಜ್ಞಾಪತ್ರವುಳ್ಳ ಒಬ್ಬ ಬದಲಿ ಚಾಲಕರನ್ನು ಮೊದಲೇ ಗುರುತಿಸಿ, ಅವರ ಹೆಸರನ್ನು ಪಂಚಾಯತಿಯ ದಾಖಲೆಗೆ ಸೇರಿಸಬೇಕು. ಬದಲಿ ಚಾಲಕರಿಲ್ಲದ ದಿನ ವಾಹನ ನಿಂತರೆ ನಿಲ್ಲಲಿ. ಎರಡು ದಿನದ ಕಸ ಮೂರನೆಯ ದಿನ ಹೋಗುತ್ತದೆ.

ಇನ್ನೂ ಗಂಭೀರವಾದದ್ದು ಅಪ್ರಾಪ್ತ ವಯಸ್ಕರ ವಿಷಯ. 2019ರಲ್ಲಿ ಸೇರಿಸಲಾದ ಕಲಂ 199ಎ ಪ್ರಕಾರ ಅಪ್ರಾಪ್ತರು ಚಾಲನೆ ಮಾಡಿ ಅಪರಾಧ ಎಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷಗಳವರೆಗೆ ಕಾರಾವಾಸ ಮತ್ತು ರೂ. 25,000 ದಂಡ ವಿಧಿಸಬಹುದು. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಬಾಲಕನಿಗೆ 25 ವರ್ಷ ತುಂಬುವವರೆಗೆ ಅನುಜ್ಞಾಪತ್ರ ದೊರೆಯುವುದಿಲ್ಲ. ಹದಿನೈದರ ಮಗನ ಕೈಗೆ ಟ್ರ್ಯಾಕ್ಟರ್ ಕೊಟ್ಟು ಹೆಮ್ಮೆಪಡುವ ತಂದೆಗೆ ಇದನ್ನು ತಿಳಿಸುವವರು ಊರಿನ ಹಿರಿಯರಾದ ತಾವೇ ಆಗಬೇಕು. ಚಾಲನೆಯನ್ನೇ ಜೀವನೋಪಾಯವಾಗಿಸಿಕೊಳ್ಳಬೇಕೆಂದಿರುವ ಹುಡುಗನಿಗೆ 25 ವರ್ಷದವರೆಗೆ ಬಾಗಿಲು ಮುಚ್ಚಿದರೆ ಅದು ಸಣ್ಣ ಶಿಕ್ಷೆಯಲ್ಲ.

ಸರಕು ವಾಹನದಲ್ಲಿ ಕೂಲಿಕಾರ್ಮಿಕರನ್ನು ತುಂಬಿಕೊಂಡು ಹೋಗುವ ವಾಡಿಕೆಯೂ ಅನುಜ್ಞಾಪತ್ರಕ್ಕೆ ಕುತ್ತು ತರುತ್ತದೆ. ಸರಕು ವಾಹನದಲ್ಲಿ ಜನರನ್ನು ಸಾಗಿಸುವುದು, ಮಿತಿಮೀರಿದ ಭಾರ ಹೇರುವುದು, ಮದ್ಯ ಸೇವಿಸಿ ಚಲಾಯಿಸುವುದು, ಚಾಲನೆಯ ವೇಳೆ ಮೊಬೈಲ್ ಬಳಸುವುದು, ಅತಿವೇಗ ಹಾಗೂ ಕೆಂಪು ದೀಪ ದಾಟುವುದು ಕಂಡುಬಂದಲ್ಲಿ ಕನಿಷ್ಠ ಮೂರು ತಿಂಗಳು ಅನುಜ್ಞಾಪತ್ರವನ್ನು ಅಮಾನತಿನಲ್ಲಿಡುವಂತೆ ಸರ್ವೋಚ್ಚ ನ್ಯಾಯಾಲಯದ ರಸ್ತೆ ಸುರಕ್ಷತಾ ಸಮಿತಿಯು 2015ರಲ್ಲಿ ರಾಜ್ಯಗಳಿಗೆ ಸೂಚಿಸಿದೆ. ಮೂರು ತಿಂಗಳು ದುಡಿಮೆ ನಿಂತರೆ ಆ ಮನೆಯ ಒಲೆಯ ಮೇಲೆ ಅದರ ಪರಿಣಾಮವೇನು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮಹಿಳಾ ಚಾಲಕರ ಬಗ್ಗೆ ಒಂದು ಮಾತು. ತರಬೇತಿ ಮುಗಿಸಿ ಅನುಜ್ಞಾಪತ್ರ ಪಡೆದ ಮಹಿಳೆ ವಾಹನದ ಆಸನದಲ್ಲಿ ಕುಳಿತುಕೊಳ್ಳದೆ, ಮನೆಯ ಗಂಡಸರೇ ವಾಹನ ನಡೆಸುವ ಪರಿಪಾಠ ಬೆಳೆದರೆ ಯೋಜನೆಯ ಉದ್ದೇಶವೂ ಕೆಡುತ್ತದೆ, ಕಾನೂನಿನ ರಕ್ಷಣೆಯೂ ತಪ್ಪುತ್ತದೆ. ಹೊಸದಾಗಿ ಕಲಿತವರಿಗೆ ಅಭ್ಯಾಸದ ಅವಕಾಶ ಬೇಕು. ಜನಸಂಚಾರ ಕಡಿಮೆ ಇರುವ ಮಾರ್ಗದಲ್ಲಿ, ಅನುಭವಿ ಚಾಲಕರ ಜೊತೆಯಲ್ಲಿ ಕೆಲವು ವಾರ ವಾಹನ ನಡೆಸಲು ಪಂಚಾಯತಿ ವ್ಯವಸ್ಥೆ ಮಾಡಬೇಕು. ಅವರ ಅನುಜ್ಞಾಪತ್ರದ ನವೀಕರಣವನ್ನು ಅವರ ಸ್ವಂತ ತೊಂದರೆಯೆಂದು ಬಿಡದೆ, ಕಚೇರಿಗೆ ಹೋಗಿಬರಲು ಒಂದು ದಿನದ ಬಿಡುವನ್ನಾದರೂ ನೀಡಬೇಕು.

7. ಪಂಚಾಯತಿ ಮಾಡಬೇಕಾದ ಕೆಲಸಗಳು

ಇಷ್ಟೆಲ್ಲ ಕೇಳಿದ ಮೇಲೆ ಸೋಮವಾರ ಕಚೇರಿಗೆ ಹೋಗಿ ಏನು ಮಾಡಬೇಕು? ಐದು ಸಲಹೆಗಳನ್ನು ಮುಂದಿಡುತ್ತೇನೆ. ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಅನುದಾನ ಬೇಕಿಲ್ಲ.

ಮೊದಲನೆಯದಾಗಿ, ಒಂದು ಚಾಲಕರ ವಹಿ ತೆರೆಯಿರಿ. ಅದರಲ್ಲಿ ವಾಹನದ ನೋಂದಣಿ ಸಂಖ್ಯೆ, ಒಟ್ಟು ತೂಕ, ವಿಮೆಯ ಕೊನೆಯ ದಿನ, ಚಾಲಕರ ಹೆಸರು, ಅನುಜ್ಞಾಪತ್ರದ ವರ್ಗ, ಸಾರಿಗೇತರ ಅವಧಿ, ಸಾರಿಗೆ ಅವಧಿ, ಬದಲಿ ಚಾಲಕರ ವಿವರ ಮತ್ತು ಪರಿಶೀಲಿಸಿದ ದಿನಾಂಕ ಇರಲಿ. ಕೊನೆಯ ಅಂಕಣದಲ್ಲಿ ಪರಿಶೀಲಿಸಿದವರ ಸಹಿ ಇರಲಿ. ಟ್ಯಾಂಕರ್‌ಗಳನ್ನು ಬಾಡಿಗೆಗೆ ಪಡೆದಾಗಲೂ ಆ ಚಾಲಕರ ವಿವರ ಇದೇ ವಹಿಯಲ್ಲಿ ಸೇರಲಿ.

ಎರಡನೆಯದಾಗಿ, ಮೂರು ತಿಂಗಳಿಗೊಮ್ಮೆ ಸಾಮಾನ್ಯ ಸ್ಥಾಯಿ ಸಮಿತಿಯ ಸಭೆಯಲ್ಲಿ ಈ ವಹಿಯನ್ನು ಮಂಡಿಸಿ, ಮುಂದಿನ ಆರು ತಿಂಗಳಲ್ಲಿ ಅವಧಿ ಮುಗಿಯುವವರ ಹೆಸರನ್ನು ಓದಿಸಿ. ನಡವಳಿಯಲ್ಲಿ ಅದು ದಾಖಲಾಗಲಿ. ನ್ಯಾಯಾಲಯವು ಕೇಳುವ ಎಚ್ಚರಿಕೆಗೆ ಈ ನಡವಳಿಯೇ ಉತ್ತರ.

ಮೂರನೆಯದಾಗಿ, ಹೊಸ ಚಾಲಕರನ್ನು ತೊಡಗಿಸಿಕೊಳ್ಳುವಾಗ ಅನುಜ್ಞಾಪತ್ರದ ಪ್ರತಿಯನ್ನು ಪಡೆದುಕೊಳ್ಳುವುದಷ್ಟೇ ಸಾಲದು. ಸಾರಥಿ ಜಾಲತಾಣದಲ್ಲಿ ಅದರ ವಿವರವನ್ನು ತಾಳೆ ನೋಡಿ, ವಾಹನವನ್ನು ಒಮ್ಮೆ ನಡೆಸಿ ತೋರಿಸಲು ಹೇಳಿ. ಕಾನೂನಿನ ವ್ಯಾಖ್ಯಾನ ಏನೇ ಇರಲಿ, ಪಂಚಾಯತಿಯ ವಾಹನಕ್ಕೆ 20 ವರ್ಷ ತುಂಬಿದವರನ್ನೇ ತೆಗೆದುಕೊಳ್ಳುವುದು ಕ್ಷೇಮಕರ.

ನಾಲ್ಕನೆಯದಾಗಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳೊಂದಿಗೆ ಮಾತನಾಡಿ ವರ್ಷಕ್ಕೊಮ್ಮೆ ಚಾಲಕರ ಕಣ್ಣಿನ ತಪಾಸಣೆಗೆ ಒಂದು ದಿನ ಗೊತ್ತುಪಡಿಸಿ. ಪಂಚಾಯತಿಯ ಚಾಲಕರಷ್ಟೇ ಅಲ್ಲ, ಊರಿನ ಆಟೋ, ಲಾರಿ, ಟ್ರ್ಯಾಕ್ಟರ್ ಚಾಲಕರೂ ಬರಲಿ. ನವೀಕರಣದ ದಿನ ದೃಷ್ಟಿದೋಷ ಪತ್ತೆಯಾದರೆ ಕೆಲಸಕ್ಕೆ ಕುತ್ತು. ಒಂದು ವರ್ಷ ಮೊದಲೇ ಪತ್ತೆಯಾದರೆ ಕನ್ನಡಕ ಧರಿಸಿ ಮುಂದುವರಿಯಬಹುದು.

ಐದನೆಯದಾಗಿ, ಗ್ರಾಮಸಭೆಯ ದಿನ ಹತ್ತು ನಿಮಿಷ ಈ ವಿಷಯಕ್ಕೆ ಮೀಸಲಿಡಿ. ಸಭೆಗೆ ಬಂದವರೆಲ್ಲ ತಮ್ಮ ಅನುಜ್ಞಾಪತ್ರ ಹೊರತೆಗೆದು ದಿನಾಂಕ ನೋಡಲಿ. ಓದಲು ಬಾರದವರಿಗೆ ಪಕ್ಕದವರು ಓದಿ ಹೇಳಲಿ. ಆ ಹತ್ತು ನಿಮಿಷದಲ್ಲಿ ಎಷ್ಟು ಜನರ ಅವಧಿ ಮುಗಿದಿದೆ ಎಂಬುದು ಅಲ್ಲಿಯೇ ತಿಳಿಯುತ್ತದೆ.

ಮಾನ್ಯ ಸದಸ್ಯರೇ, ಚಾಲನೆಯು ನಮ್ಮ ಗ್ರಾಮಗಳಲ್ಲಿ ಭೂಮಿಯಿಲ್ಲದ, ಹೆಚ್ಚು ಓದದ ಮನೆಗಳಿಗೆ ಗೌರವದ ದುಡಿಮೆ ನೀಡಿರುವ ವೃತ್ತಿ. ಆ ವೃತ್ತಿಯನ್ನು ಉಳಿಸುವುದಕ್ಕೆ ರೂ. 200ರ ಶುಲ್ಕ, ಒಂದು ವೈದ್ಯಕೀಯ ಪ್ರಮಾಣಪತ್ರ ಮತ್ತು ಸಕಾಲದಲ್ಲಿ ಸಲ್ಲಿಸಿದ ಒಂದು ಅರ್ಜಿ ಸಾಕು. ಅದು ತಪ್ಪಿದರೆ ಗಾಯಗೊಂಡವರಿಗೆ ಪರಿಹಾರಕ್ಕಾಗಿ ಅಲೆದಾಟ, ಚಾಲಕರಿಗೆ ಮೊಕದ್ದಮೆ, ಪಂಚಾಯತಿಗೆ ಸಾಲ. ಆದುದರಿಂದ ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಚಾಲಕರ ವಹಿಯ ವಿಷಯವನ್ನು ಸೇರಿಸುವಂತೆ ತಮ್ಮೆಲ್ಲರಲ್ಲಿ ವಿನಂತಿಸುತ್ತೇನೆ.